ವಿಚಿತ್ರ ಅಕ್ಷರಗಳ ಪಟ್ಟಿ

ಹೊಸಪೇಟೆಯಲ್ಲಿ ನಮ್ಮ ಸೋದರಮಾವನದು ಬೀಜ-ಗೊಬ್ಬರದ ಅಂಗಡಿ. ಉದ್ರಿ ಬರೆಯುವ ಉದ್ದನೆಯ ಕೆಂಪು ಪುಸ್ತಕ ಬಿಟ್ಟರೆ ಇನ್ಯಾವುದನ್ನೂ ನಂಬದ ಮನುಷ್ಯ. 2024ರ ಯುಗಾದಿಗೆ ಊರಿಗೆ ಹೋಗಿದ್ದಾಗ, ಹೋಳಿಗೆ ತಿಂದ ಅಮಲಿನಲ್ಲೋ ಏನೋ, ಆ ಪುಸ್ತಕವನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿಕೊಡ್ತೀನಿ ಅಂತ ನಾನೇ ಮೈಮೇಲೆ ಎಳೆದುಕೊಂಡೆ. ಮೂರು ದಿನದ ರಜೆಯಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ತಯಾರಾಯ್ತು. ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಮುಂದೆ ಹುಡುಕೋದಕ್ಕೆ ಒಂದು ಖಾಲಿ ಡಬ್ಬಿ, ಎಲ್ಲವೂ ಕನ್ನಡದಲ್ಲೇ. ಮಾವ ತಾನು ಮಾತಾಡುವ ಹಾಗೇ ಅಂಗಡಿ ಹುಡುಗನ ಕೈಲಿ ಬರೆಸುತ್ತಿದ್ದ. ‘ಸಂಡೂರಿನ ಗೌಡ್ರ ಮಗ, ಎರಡು ಚೀಲ ಯೂರಿಯಾ, ಮೆಕ್ಕೆಜೋಳ ಮಾರಿದ ಮ್ಯಾಲೆ ಕೊಡ್ತಾನಂತ.’ ‘ಕಂಪ್ಲಿಯಿಂದ ಬಂದೋರು, ಭತ್ತದ ಬೀಜ, ಅರ್ಧ ಕೊಟ್ಟಾರ.’

ಎರಡು ವಾರಕ್ಕೆ ಫೋನ್ ಬಂತು. ಲೋಕಸಭೆ ಎಲೆಕ್ಷನ್ನಿನ ಕಾವು ಏರಿದ್ದ ದಿನಗಳು.

“ಏನಳಿಯಾ, ನಿನ್ನ ಕಂಪ್ಯೂಟರು ಸಂಡೂರಿನೋರ ಸಾಲ ಎಲ್ಲಾ ಮನ್ನಾ ಮಾಡಿಬಿಟ್ಟೈತೇನು? ಎಷ್ಟು ಹುಡುಕಿದ್ರೂ ಒಬ್ಬರೂ ಸಿಗವಲ್ರು.”

ಮಾವ ‘ಸಂಡೂರು’ ಅಂತ ಕೊಟ್ಟು ಹುಡುಕಿದ್ದ. ಒಳಗೆ ಇದ್ದದ್ದು ‘ಸಂಡೂರಿನ’, ‘ಸಂಡೂರಿಗೆ’, ‘ಸಂಡೂರಿಂದ’. ನಿಮಗೂ ನನಗೂ ಇವೆಲ್ಲ ಒಂದೇ ಊರು. ಡೇಟಾಬೇಸಿಗೆ ಇವು ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಪದ. ಪದ ಪೂರ್ತಿ ಹೊಂದಬೇಕಾಗಿಲ್ಲ, ತುಣುಕು ಹೊಂದಿದರೂ ಸಾಕು ಅಂತ ಸಡಿಲಿಸಿ ನೋಡಿದೆ. ಆಗ ಕಂಪ್ಲಿ ಸಿಕ್ಕಿತು, ಹಂಪಿ ಸಿಕ್ಕಿತು, ಯಾಕಂದ್ರೆ ‘ಕಂಪ್ಲಿಯಿಂದ’ ಅನ್ನೋದರ ಹೊಟ್ಟೆಯಲ್ಲಿ ಕಂಪ್ಲಿ ಹಾಗೇ ಉಳಿದಿರುತ್ತೆ. ಹೊಸಪೇಟೆ ಅರ್ಧ ಸಿಕ್ಕಿತು. ಮಾವ ಬಾಯಿಮಾತಿನಂತೆ ‘ಹೊಸಪೇಟಿಗೆ’ ಅಂತ ಬರೆಸಿದ್ದೆಲ್ಲ ಹೋಯ್ತು. ಸಂಡೂರು ಮಾತ್ರ ಒಂದೂ ಸಿಗಲಿಲ್ಲ. ‘ಸಂಡೂರು’ ಮತ್ತು ‘ಇಂದ’ ಸೇರುವಾಗ ‘ರು’ದಲ್ಲಿದ್ದ ಉಕಾರ ಬಿದ್ದುಹೋಗುತ್ತೆ. ಹೈಸ್ಕೂಲಿನಲ್ಲಿ ಲೋಪಸಂಧಿ ಅಂತ ಕಲಿತಿದ್ದೆ, ಪರೀಕ್ಷೆಯಲ್ಲಿ ಒಂದು ಅಂಕವನ್ನೂ ತೊಗೊಂಡಿದ್ದೆ. ಅದು ಒಂದು ದಿನ ಮಾವನ ಬಾಕಿ ವಸೂಲಿಗೆ ಅಡ್ಡ ಬರುತ್ತೆ ಅಂತ ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಇಂಗ್ಲಿಷಿನಲ್ಲಿ ಬರೆದಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ. ಪದದ ಬಾಲ ಕತ್ತರಿಸಿ ಬುಡ ಮಾತ್ರ ಇಟ್ಟುಕೊಳ್ಳುವ ಕೆಲಸಕ್ಕೆ ಸ್ಟೆಮ್ಮಿಂಗ್ ಅಂತಾರೆ. ಮಾರ್ಟಿನ್ ಪೋರ್ಟರ್ ಅನ್ನುವವರು ಇಂಗ್ಲಿಷಿಗೆ ಇದನ್ನು ಮಾಡುವ ವಿಧಾನವನ್ನು 1980ರಲ್ಲೇ ಪ್ರಕಟಿಸಿದರು. ಆಮೇಲೆ ಯಾವ ಭಾಷೆಗಾದರೂ ಇಂಥ ನಿಯಮ ಬರೆಯೋದಕ್ಕೆ ಅನುಕೂಲವಾಗಲಿ ಅಂತ ‘ಸ್ನೋಬಾಲ್’ ಅನ್ನುವ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯನ್ನೂ ಮಾಡಿದರು. ಪೋಸ್ಟ್‌ಗ್ರೆಸ್ ಒಳಗಿರುವುದು ಈ ಸ್ನೋಬಾಲೇ. ಅದರಲ್ಲಿ ಕನ್ನಡ ಇಲ್ಲ.

ಆ ದಿನಗಳಲ್ಲಿ ಬೆಂಗಳೂರಿನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಡೇಟಾಬೇಸ್ ಬಗ್ಗೆ ಮಾತೇನೋ ಜೋರಾಗೇ ಇತ್ತು. ಆದರೆ ಅದೆಲ್ಲ ರೆಡಿಸ್ ಬಗ್ಗೆ. 2009ರಿಂದ ಮುಕ್ತವಾಗಿದ್ದ ರೆಡಿಸ್‌ನ ಲೈಸೆನ್ಸನ್ನು ಅದರ ಕಂಪನಿ 2024ರ ಮಾರ್ಚ್ 20ಕ್ಕೆ ಬದಲಿಸಿತ್ತು. ದೊಡ್ಡ ಕ್ಲೌಡ್ ಕಂಪನಿಗಳು ನಮ್ಮ ಸಾಫ್ಟ್‌ವೇರನ್ನು ಬಾಡಿಗೆಗೆ ಕೊಟ್ಟು ದುಡ್ಡು ಮಾಡಿಕೊಳ್ತಿವೆ, ನಮಗೇನೂ ಬರ್ತಿಲ್ಲ ಅನ್ನೋದು ಅವರ ತಕರಾರು. ಎಂಟೇ ದಿನದಲ್ಲಿ, ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ, ಅದೇ ಕೋಡಿನಿಂದ ‘ವಾಲ್ಕೀ’ ಅನ್ನುವ ಕವಲು ಒಡೆಯಿತು. ಟೀ ಕಪ್ ಹಿಡಿದು ನಾವೆಲ್ಲ ಎರಡು ಪಾರ್ಟಿ ಆದೆವು. ನಾನೂ ಒಂದು ಕಡೆ ನಿಂತು ಗಂಟಲು ಹರಿದುಕೊಂಡೆ ಅನ್ನೋದನ್ನು ಮುಚ್ಚಿಡಲ್ಲ.

ಈ ಜಗಳ ಹೊಸದಲ್ಲ. 2018ರ ಅಕ್ಟೋಬರಿನಲ್ಲಿ ಮೊಂಗೋಡಿಬಿ ಇದೇ ಕೆಲಸ ಮಾಡಿತು. 2021ರಲ್ಲಿ ಎಲಾಸ್ಟಿಕ್‌ಸರ್ಚ್ ಮಾಡಿತು. ಅದರಿಂದ ಓಪನ್‌ಸರ್ಚ್ ಕವಲೊಡೆಯಿತು. 2024ರ ಆಗಸ್ಟಿನಲ್ಲಿ ಎಲಾಸ್ಟಿಕ್ ಮತ್ತೆ ಒಂದು ಮುಕ್ತ ಲೈಸೆನ್ಸ್ ಸೇರಿಸಿ ಮನೆಗೆ ವಾಪಸ್ ಬಂದೆವು ಅಂದಿತು. ರೆಡಿಸ್ ಕೂಡ 2025ರ ಮೇ ತಿಂಗಳಲ್ಲಿ ಹಾಗೇ ವಾಪಸ್ ಬಂತು. ಇದೆಲ್ಲಕ್ಕೂ ಮುಂಚೆ, ಒರಾಕಲ್ ಕಂಪನಿ ಸನ್ ಅನ್ನು ಕೊಂಡಾಗ ಮೈಎಸ್‌ಕ್ಯುಎಲ್ ಕೂಡ ಅದರ ಕೈಗೆ ಹೋಯಿತು. ಅದನ್ನು ಶುರುಮಾಡಿದ ಮೊಂಟಿ ವಿಡೇನಿಯಸ್ ಮರಿಯಾಡಿಬಿ ಅಂತ ಬೇರೆ ಒಲೆ ಹೂಡಿದರು. ಮೊದಲನೆಯದಕ್ಕೆ ಹಿರಿ ಮಗಳು ‘ಮೈ’ ಹೆಸರು, ಎರಡನೆಯದಕ್ಕೆ ಕಿರಿ ಮಗಳು ಮರಿಯಾಳ ಹೆಸರು. ಮನೆತನದ ಕಥೆ ಇದ್ದ ಹಾಗಿದೆ, ಅಲ್ವಾ? ಅದಕ್ಕೇ ನಮಗೆ ಇಷ್ಟ. ಯಾರು ಯಾರಿಗೆ ಮೋಸ ಮಾಡಿದ್ರು, ಯಾರು ಬೇರೆ ಹೋದ್ರು, ಯಾರು ತಲೆ ತಗ್ಗಿಸಿ ವಾಪಸ್ ಬಂದ್ರು. ಊರ ಕಟ್ಟೆ ಮೇಲೆ ಕೂತು ಆಸ್ತಿ ಪಾಲಿನ ಸುದ್ದಿ ಮಾತಾಡೋ ಸುಖವೇ ಇದರಲ್ಲೂ ಇದೆ.

ಲೈಸೆನ್ಸ್ ಮುಖ್ಯ ಅಲ್ಲ ಅಂತ ನಾನು ಹೇಳ್ತಿಲ್ಲ. ಹಳೆಯ ರೆಡಿಸ್ ಕೋಡ್ ಮುಕ್ತವಾಗಿ ಇದ್ದದ್ದರಿಂದಲೇ ಎಂಟು ದಿನದಲ್ಲಿ ವಾಲ್ಕೀ ಹುಟ್ಟಲು ಸಾಧ್ಯವಾಯ್ತು. ನನ್ನ ತಕರಾರು ಬೇರೆ. ಲೈಸೆನ್ಸಿನ ವಿಷಯದಲ್ಲಿ ಪೋಸ್ಟ್‌ಗ್ರೆಸ್ ಬಹಳ ಧಾರಾಳಿ. 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಶುರುಮಾಡಿದ್ದು, 1996ರಿಂದ ಈಗಿನ ಹೆಸರಿನಲ್ಲಿ ಸ್ವಯಂಸೇವಕರ ಗುಂಪೊಂದು ನಡೆಸುತ್ತಿರುವುದು; ಇದಕ್ಕೆ ಮಾಲೀಕ ಕಂಪನಿ ಅಂತ ಇಲ್ಲವೇ ಇಲ್ಲ. ತೊಗೊಂಡು ಹೋಗಿ, ಬದಲಾಯಿಸಿ, ಮಾರಿಕೊಳ್ಳಿ, ಯಾರೂ ಕೇಳಲ್ಲ. ಅಂದಮೇಲೆ ಕನ್ನಡಕ್ಕೆ ಬಾಗಿಲು ಹಾಕಿದವರು ಯಾರು? ಯಾರೂ ಇಲ್ಲ. ಬಾಗಿಲು ತೆಗೆದೇ ಇತ್ತು, ನಾವು ಒಳಗೆ ಹೋಗಿಲ್ಲ. ಈ ಒಂದು ಮಾತನ್ನು ಕ್ಯಾಂಟೀನಿನಲ್ಲಿ ನಾನೂ ಆಡಲಿಲ್ಲ, ಉಳಿದವರೂ ಆಡಲಿಲ್ಲ.

ಬೇರೆಯವರು ಹೋಗಿದ್ದಾರೆ. 2019ರ ಹನ್ನೆರಡನೇ ಆವೃತ್ತಿಯಲ್ಲಿ ತಮಿಳು, ನೇಪಾಳಿ, ಐರಿಷ್ ಮೊದಲಾದ ಭಾಷೆಗಳ ಸ್ಟೆಮ್ಮರುಗಳು ಸೇರಿದವು. 2021ರ ಹದಿನಾಲ್ಕನೇ ಆವೃತ್ತಿಯಲ್ಲಿ ಹಿಂದಿ, ಬಾಸ್ಕ್, ಯಿಡ್ಡಿಷ್ ಇತ್ಯಾದಿ. 2025ರ ಹದಿನೆಂಟನೇ ಆವೃತ್ತಿಯಲ್ಲಿ ಎಸ್ಟೋನಿಯನ್. ಎಸ್ಟೋನಿಯಾ ದೇಶದ ಒಟ್ಟು ಜನಸಂಖ್ಯೆ ಹದಿನಾಲ್ಕು ಲಕ್ಷಕ್ಕಿಂತ ಕಡಿಮೆ. 2011ರ ಜನಗಣತಿಯಲ್ಲಿ ನಮ್ಮ ಅವಿಭಜಿತ ಬಳ್ಳಾರಿ ಜಿಲ್ಲೆ ಒಂದರಲ್ಲೇ ಸುಮಾರು ಇಪ್ಪತ್ನಾಲ್ಕೂವರೆ ಲಕ್ಷ ಜನ ಇದ್ದರು. ಕನ್ನಡ ಮಾತೃಭಾಷೆ ಅಂತ ಬರೆಸಿದವರು ನಾಲ್ಕು ಕೋಟಿ ಮೂವತ್ತೇಳು ಲಕ್ಷ. ಎಲಾಸ್ಟಿಕ್‌ಸರ್ಚಿನ ಹೊಟ್ಟೆಯೊಳಗಿರುವ ಲೂಸೀನ್ ಲೈಬ್ರರಿಗೆ ಹೋಗಿ ನೋಡಿದರೆ ಅಲ್ಲಿ ತೆಲುಗಿಗೂ ಪ್ರತ್ಯೇಕ ವ್ಯವಸ್ಥೆ ಇದೆ. ಕನ್ನಡಕ್ಕಿಲ್ಲ. ನಮ್ಮ ಮಾವನ ಅಂಗಡಿಯಲ್ಲಿ ಕನ್ನಡ-ತೆಲುಗು ಎರಡೂ ಒಂದೇ ಉಸಿರಿನಲ್ಲಿ ನಡೆಯುತ್ತವೆ. ಗಿರಾಕಿ ತೆಲುಗಿನಲ್ಲಿ ಕೇಳಿದರೆ ಮಾವ ಕನ್ನಡದಲ್ಲಿ ಬೈತಾನೆ. ಆ ಅಂಗಡಿಯ ಅರ್ಧ ಮಾತು ಸಾಫ್ಟ್‌ವೇರಿಗೆ ತಿಳಿಯುತ್ತೆ, ಇನ್ನರ್ಧ ತಿಳಿಯಲ್ಲ.

ಇದನ್ನು ಕೇಳಿದ ತಕ್ಷಣ ‘ಕನ್ನಡಕ್ಕೆ ಅನ್ಯಾಯ’ ಅನ್ನಬೇಕು ಅಂತ ನಾಲಿಗೆ ತುರಿಸುತ್ತೆ, ನನಗೆ ಗೊತ್ತು. ನವೆಂಬರ್ ಒಂದಕ್ಕೆ ಆಫೀಸಿನಲ್ಲಿ ಹಳದಿ-ಕೆಂಪು ಶಲ್ಯ ಹಾಕಿಕೊಂಡು ಫೋಟೋ ತೆಗೆಸಿಕೊಂಡವನು ನಾನು. ಆದರೆ ಹಿಂದಿಯದು ಹೇಗೆ ಬಂತು ನೋಡಿ. ಅನಂತಕೃಷ್ಣನ್ ರಾಮನಾಥನ್ ಮತ್ತು ದುರ್ಗೇಶ್ ರಾವ್ ಅನ್ನುವ ಇಬ್ಬರು 2003ರಲ್ಲಿ ಹಿಂದಿಗೆ ಹಗುರವಾದ ಸ್ಟೆಮ್ಮರ್ ಹೇಗಿರಬೇಕು ಅಂತ ಒಂದು ಸಂಶೋಧನಾ ಲೇಖನ ಬರೆದರು. ಅದನ್ನಿಟ್ಟುಕೊಂಡು ಬೇರೆ ಯಾರೋ ಸ್ನೋಬಾಲಿನಲ್ಲಿ ನಿಯಮ ಬರೆದರು. ಪೋಸ್ಟ್‌ಗ್ರೆಸ್ಸಿಗೆ ತಲುಪಿದ್ದು 2021ಕ್ಕೆ. ಹದಿನೆಂಟು ವರ್ಷ. ಯಾವ ಮಂತ್ರಿಯ ಆದೇಶವೂ ಬೇಕಾಗಲಿಲ್ಲ, ಸಮ್ಮೇಳನದ ನಿರ್ಣಯವೂ ಬೇಕಾಗಲಿಲ್ಲ. ಕೂತು ಬರೆಯುವ ಮೂರ್ನಾಲ್ಕು ಜನ ಬೇಕಾಗಿತ್ತು, ಅಷ್ಟೇ.

ಕೋಪ ಬಂದು ಒಂದು ರಾತ್ರಿ ಪೋಸ್ಟ್‌ಗ್ರೆಸ್ಸಿನ ಮೂಲ ಕೋಡನ್ನೇ ತೆರೆದು ಓದತೊಡಗಿದೆ. ಹನ್ನೆರಡು ವರ್ಷದಿಂದ ಇದರ ಅನ್ನ ತಿಂತಿದ್ದೀನಿ, ಒಂದು ದಿನವೂ ಒಳಗೆ ಇಣುಕಿರಲಿಲ್ಲ. ಒಂದು ವಾಕ್ಯದಲ್ಲಿ ಪದ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ಅಂತ ತೀರ್ಮಾನ ಮಾಡುವ ಭಾಗ ಒಂದಿದೆ. ಈ ಹುಡುಕಾಟದ ವ್ಯವಸ್ಥೆಯನ್ನು ಕಟ್ಟಿದವರು ಮಾಸ್ಕೋದ ಒಲೆಗ್ ಬಾರ್ತುನೊವ್ ಮತ್ತು ತಿಯೊದರ್ ಸಿಗಾಯೆವ್. 2008ರ ಆವೃತ್ತಿಯಿಂದ ಅದು ಪೋಸ್ಟ್‌ಗ್ರೆಸ್‌ನ ಒಳಗೇ ಇದೆ. ಅಲ್ಲಿ ಒಂದು ಉದ್ದನೆಯ ಪಟ್ಟಿ ಕಂಡಿತು. ಪಟ್ಟಿಯ ಹೆಸರು ‘ಸ್ಟ್ರೇಂಜ್ ಲೆಟರ್’. ವಿಚಿತ್ರ ಅಕ್ಷರ. ದೇವನಾಗರಿಯ ವಿಸರ್ಗದಿಂದ ಶುರುವಾಗುತ್ತೆ. ಇಳಿಯುತ್ತಾ ಹೋದರೆ ತಮಿಳು, ತೆಲುಗು ಬಂದು, ಆಮೇಲೆ ನಮ್ಮವು. ಕನ್ನಡದ ವಿಸರ್ಗ, ಆಕಾರದ ಇಳಿ, ಉಕಾರದ ಕೊಂಬು, ಒಂದೊಂದರ ಮುಂದೆಯೂ ಅದರ ಹೆಸರು. ಇವು ಅಕ್ಷರಗಳ ಲೆಕ್ಕಕ್ಕೂ ಬರಲ್ಲ, ಹಾಗಂತ ಪದವನ್ನು ತುಂಡು ಮಾಡುವ ಚಿಹ್ನೆಗಳೂ ಅಲ್ಲ, ಇವನ್ನು ಕಂಡರೆ ಪದ ಮುರಿಯಬೇಡಿ ಅನ್ನುವ ಅರ್ಥದ ಒಂದು ಟಿಪ್ಪಣಿ ಮೇಲಿದೆ.

ಮೊದಲು ಸಿಟ್ಟೇ ಬಂತು. ನಮ್ಮ ಕೊಂಬು-ಇಳಿ ಇವರಿಗೆ ವಿಚಿತ್ರವಾ? ಆಮೇಲೆ ಯೋಚಿಸಿದರೆ, ಈ ಪಟ್ಟಿ ಇಲ್ಲದೇ ಹೋಗಿದ್ದರೆ ‘ಕಾಲುವೆ’ ಅನ್ನೋ ಪದ ‘ಕ’ದ ಹತ್ತಿರ ಒಮ್ಮೆ, ‘ಲ’ದ ಹತ್ತಿರ ಒಮ್ಮೆ ಮುರಿದು ಚೂರಾಗುತ್ತಿತ್ತು. ಕನ್ನಡದ ಯಾವ ಪದವನ್ನೂ ಹುಡುಕೋಕೆ ಆಗ್ತಿರಲಿಲ್ಲ. ಕನ್ನಡದ ಗಂಧಗಾಳಿ ಇಲ್ಲದ ಯಾರೋ, ಯುನಿಕೋಡಿನ ಕೋಷ್ಟಕ ಎದುರಿಗಿಟ್ಟುಕೊಂಡು, ನಮ್ಮ ಒಂದೊಂದು ಚಿಹ್ನೆಯನ್ನೂ ಸಾಲಾಗಿ ಬರೆದು ಹೋಗಿದ್ದಾರೆ. ಅವರಿಗೆ ಅಷ್ಟೇ ಮಾಡಲು ಸಾಧ್ಯವಿತ್ತು. ಅದರಿಂದ ಮುಂದಕ್ಕೆ, ಅಂದರೆ ಸಂಡೂರಿನ ಉಕಾರ ಎಲ್ಲಿ ಬಿತ್ತು ಅಂತ ಹೇಳೋದಕ್ಕೆ, ಕನ್ನಡ ಬಲ್ಲವರೇ ಬೇಕು. ಅಂಥವರು ಬೆಂಗಳೂರಿನಲ್ಲಿ, ಪಿಜಿಕಾನ್ಫ್ ಇಂಡಿಯಾ ನಡೆಯುವ ಊರಿನಲ್ಲೇ, ಸಾವಿರಗಟ್ಟಲೆ ಇದ್ದೀವಿ.

ಸುದ್ದಿಯಾಗುವ ಕೆಲಸಕ್ಕೂ ನಡೆಯಬೇಕಾದ ಕೆಲಸಕ್ಕೂ ಇರುವ ದೂರ ಅದೇ 2024ರ ಮಾರ್ಚಿನಲ್ಲಿ ಇನ್ನೊಂದು ಕಡೆಯೂ ಕಂಡಿತು. ಆಂಡ್ರೆಸ್ ಫ್ರಾಯ್ಂಡ್ ಪೋಸ್ಟ್‌ಗ್ರೆಸ್ ಡೆವಲಪರ್. ಏನೋ ವೇಗದ ಪರೀಕ್ಷೆ ಮಾಡುವಾಗ ಸರ್ವರಿಗೆ ಲಾಗಿನ್ ಆಗೋದು ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಅವರ ಗಮನಕ್ಕೆ ಬಂತು. ನಾನಾಗಿದ್ರೆ ನೆಟ್‌ವರ್ಕ್ ಸರಿಯಿಲ್ಲ ಅಂತ ಟೀಗೆ ಹೋಗ್ತಿದ್ದೆ. ಅವರು ಬಿಡದೆ ಹಿಂದೆ ಬಿದ್ದು ಹುಡುಕಿದಾಗ ಎಕ್ಸ್‌ಜೆಡ್ ಅನ್ನುವ ಸಣ್ಣ ಲೈಬ್ರರಿಯಲ್ಲಿ ಯಾರೋ ಕಳ್ಳಬಾಗಿಲು ಕೊರೆದಿಟ್ಟಿರೋದು ಸಿಕ್ಕಿತು. ಮಾರ್ಚ್ 29ಕ್ಕೆ ಜಗತ್ತಿಗೆ ತಿಳಿಸಿದರು. ಅಷ್ಟು ಸರ್ವರುಗಳು ನಂಬಿಕೊಂಡಿದ್ದ ಆ ಲೈಬ್ರರಿಯನ್ನು ವರ್ಷಗಟ್ಟಲೆ ನೋಡಿಕೊಂಡಿದ್ದವರು ಹೆಚ್ಚುಕಡಿಮೆ ಒಬ್ಬರೇ ಸ್ವಯಂಸೇವಕ. ಅವರು ದಣಿದಿದ್ದಾಗ ಸಹಾಯ ಮಾಡ್ತೀನಿ ಅಂತ ಬಂದವನೇ ಕನ್ನ ಹಾಕಿದ್ದ.

ಹೊಸಪೇಟೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ಅದೇ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ಮೂವತ್ಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದರ ಚೈನ್ ಕಡಿದು ಗೇಟೇ ಕೊಚ್ಚಿಕೊಂಡು ಹೋಯ್ತು. ಒಂದು ವಾರ ನಾವ್ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಗೇಟುಗಳ ಪರಿಣತ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನ ಮಧ್ಯೆಯೇ ತಾತ್ಕಾಲಿಕ ಗೇಟು ಇಳಿಸಿದ ಮೇಲೆ ಉಸಿರು ಬಂತು. ಈ ನ‌ೀರು ಯಾವ ರಾಜ್ಯಕ್ಕೆ ಎಷ್ಟು ಅನ್ನೋದರ ಬಗ್ಗೆ ನಮ್ಮೂರಲ್ಲಿ ಸಣ್ಣ ಹುಡುಗನೂ ಮಾತಾಡ್ತಾನೆ. ಹತ್ತೊಂಬತ್ತನೇ ಗೇಟಿನ ಕೊಂಡಿಯ ಬಗ್ಗೆ ಆ ರಾತ್ರಿಯವರೆಗೆ ನಾನಂತೂ ಒಂದು ಮಾತು ಕೇಳಿರಲಿಲ್ಲ.

ಕನ್ನಡದಲ್ಲಿ ಯಾರೂ ಏನೂ ಮಾಡಿಲ್ಲ ಅಂದರೆ ಅದು ಸುಳ್ಳಾಗುತ್ತೆ. ‘ಅಲರ್’ ನಿಘಂಟು ಬಳಸಿದ್ದೀರಲ್ಲ? ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ, ಎರಡು ಲಕ್ಷ ನಲವತ್ತು ಸಾವಿರದಷ್ಟು ಅರ್ಥ. 2019ರಲ್ಲಿ ಅದು ಇಂಟರ್ನೆಟ್ಟಿಗೆ ಬಂತು, ಮಾಹಿತಿಯೆಲ್ಲ ಯಾರು ಬೇಕಾದರೂ ಬಳಸಬಹುದಾದ ಮುಕ್ತ ಲೈಸೆನ್ಸಿನಲ್ಲಿ. ಅದರ ತಾಂತ್ರಿಕ ಭಾಗ ಕಟ್ಟಿದವರು ಬೆಂಗಳೂರಿನ ಜೆರೋಧಾದ ಕೈಲಾಶ್ ನಾಧ್. ಅದಕ್ಕೂ ಮುಂಚೆ ಮಲಯಾಳಂಗೆ ‘ಓಳಂ’ ನಿಘಂಟು ಮಾಡಿದವರು. ಒಳಗಿರೋದು ಇದೇ ಪೋಸ್ಟ್‌ಗ್ರೆಸ್. ಕನ್ನಡದ ಸ್ಟೆಮ್ಮರ್ ಇಲ್ಲ ಅಂತ ಅವರು ಕೈಚೆಲ್ಲಲಿಲ್ಲ. ಪದದ ಉಚ್ಚಾರಣೆಯಿಂದ ಒಂದು ಸಂಕೇತ ತೆಗೆಯುವ ‘ಕೆಎನ್‌ಫೋನ್’ ಅನ್ನುವ ಸಣ್ಣ ಲೈಬ್ರರಿ ಬರೆದು, ಆ ಸಂಕೇತಗಳನ್ನು ಪೋಸ್ಟ್‌ಗ್ರೆಸ್‌ಗೆ ಉಣಿಸಿದರು. ಅಲ್ಪಪ್ರಾಣ-ಮಹಾಪ್ರಾಣ ಅದಲುಬದಲಾದರೂ, ಒತ್ತು ಬಿಟ್ಟರೂ ಹತ್ತಿರದ ಪದ ಸಿಗುವುದು ಹೀಗೆ. ನನ್ನ ಪ್ರಕಾರ ಕಳೆದ ಹತ್ತು ವರ್ಷದಲ್ಲಿ ಕನ್ನಡಕ್ಕೂ ಡೇಟಾಬೇಸಿಗೂ ನಡುವೆ ಆದ ಅತ್ಯಂತ ಮರ್ಯಾದಸ್ಥ ಕೆಲಸ ಇದು. ಇದರ ಬಗ್ಗೆ ನಮ್ಮ ಕ್ಯಾಂಟೀನಿನಲ್ಲಿ ಒಂದು ಕಪ್ ಟೀಯಷ್ಟೂ ಮಾತು ನಡೆದಿಲ್ಲ.

ಅದರಲ್ಲೂ ಒಂದು ಮಿತಿ ಇದೆ, ಹೇಳಬೇಕು. ನಿಘಂಟಿಗೆ ಬರುವವನು ಪದದ ಮೂಲರೂಪ ಹಿಡಿದುಕೊಂಡು ಬರ್ತಾನೆ. ಅವನ ತೊಂದರೆ ಕಾಗುಣಿತದ್ದು. ಉಚ್ಚಾರಣೆಯ ಸಂಕೇತ ಅದಕ್ಕೆ ತಕ್ಕ ಮದ್ದು. ಮಾವನ ಉದ್ರಿ ಪುಸ್ತಕ, ಪತ್ರಿಕೆ, ಕೋರ್ಟಿನ ಆದೇಶ, ಗ್ರಾಮಸಭೆಯ ನಡಾವಳಿ ಇವೆಲ್ಲ ಹರಿಯುವ ಭಾಷೆ. ಇಲ್ಲಿ ತೊಂದರೆ ವಿಭಕ್ತಿ, ಸಂಧಿ ಮತ್ತು ಬಹುವಚನದ್ದು. ಅದಕ್ಕೆ ಇದು ಸಾಲದು. ಒಬ್ಬರು ತಮ್ಮ ನಿಘಂಟಿಗೆ ಬೇಕಾದ್ದನ್ನು ಮಾಡಿಕೊಂಡರು, ಅಲ್ಲಿಂದ ಮುಂದಿನದು ಉಳಿದವರ ಪಾಲಿನ ಕೆಲಸ. ಉಳಿದವರು ಅಂದರೆ ನಾನು.

“ಈಗ ಎಐ ಬಂದಿದೆಯಲ್ಲ ಮಾರಾಯ, ಸ್ಟೆಮ್ಮರ್ ಯಾರಿಗೆ ಬೇಕು?” ಅಂತ ನನ್ನ ಟೀಮಿನ ಗೆಳೆಯ ಕೇಳಿದ. ಪೋಸ್ಟ್‌ಗ್ರೆಸ್ಸಿಗೇ ಪಿಜಿವೆಕ್ಟರ್ ಅಂತ ಒಂದು ಜೋಡಣೆ ಇದೆ, ಪದ ಹೊಂದದಿದ್ದರೂ ಅರ್ಥದ ಹತ್ತಿರ ಇರೋದನ್ನು ಹುಡುಕಿಕೊಡುತ್ತೆ. ಒಪ್ಪಿದೆ. ಆದರೆ ಮಾವನಿಗೆ ಬೇಕಾಗಿರೋದು ಸಂಡೂರಿನ ಹಾಗೆ ಇರುವ ಊರುಗಳಲ್ಲ, ಸಂಡೂರಿನಲ್ಲಿ ಬಾಕಿ ಉಳಿಸಿಕೊಂಡವರ ಪೂರ್ತಿ ಪಟ್ಟಿ. ಒಬ್ಬನೂ ಹೆಚ್ಚಿರಬಾರದು, ಒಬ್ಬನೂ ಕಮ್ಮಿ ಇರಬಾರದು. ಅರ್ಥದ ಹತ್ತಿರ ಅಂತ ಹೊಸಪೇಟೆಯವನ ಮನೆ ಮುಂದೆ ಹೋಗಿ ಸಂಡೂರಿನವನ ಸಾಲ ಕೇಳೋಕಾಗಲ್ಲ. ಆ ಲೆಕ್ಕವನ್ನೆಲ್ಲ ಮಾಡಬೇಕಾದದ್ದು ಗೊಬ್ಬರದ ಧೂಳು ಹಿಡಿದಿರುವ ಎಂಟು ವರ್ಷದ ಹಳೆಯ ಲ್ಯಾಪ್‌ಟಾಪು.

ಹಾಗಾಗಿ ನಾನೇ ಶುರುಮಾಡಿದೆ. ಮೊದಲು ಊರುಗಳ ಸಮಾನಾರ್ಥಕ ಪಟ್ಟಿ. ಇದಕ್ಕೆ ಪೋಸ್ಟ್‌ಗ್ರೆಸ್ಸಿನಲ್ಲಿ ಏನೂ ಕಷ್ಟ ಇಲ್ಲ, ಒಂದು ಫೈಲಿನಲ್ಲಿ ಸಾಲಿಗೆರಡು ಪದ ಬರೆದರೆ ಆಯ್ತು. ಹಂಪೆ ಅಂದರೂ ಹಂಪಿ. ಸೊಂಡೂರು ಅಂದರೂ ಸಂಡೂರು. ಓದಿಕೊಂಡವರು ಕಂಪಿಲಿ ಅಂದರೂ ಕಂಪ್ಲಿ. 2014ರಲ್ಲಿ ಇಂಗ್ಲಿಷಿನ ಹೆಸರೂ ಸರ್ಕಾರಿ ಲೆಕ್ಕದಲ್ಲಿ ಹೊಸಪೇಟೆ ಆಯ್ತು, ಆದರೂ ‘ಹಾಸ್ಪೆಟ್’ ಅನ್ನುವವರು ಇದ್ದೇ ಇದ್ದಾರೆ. ಇಷ್ಟಾದರೂ ಒಂದು ಹೊಸಪೇಟೆ ಸಿಗಲೊಲ್ಲದು. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯ್ತು, ‘ಹೊ’ ಅನ್ನೋದನ್ನು ಯುನಿಕೋಡಿನಲ್ಲಿ ಎರಡು ಥರ ಬರೆಯಬಹುದು: ಒಕಾರದ ಒಂದೇ ಚಿಹ್ನೆಯಾಗಿ, ಅಥವಾ ಎಕಾರ ಮತ್ತು ಊಕಾರದ ಎರಡು ಚಿಹ್ನೆ ಸೇರಿಸಿ. ಕಣ್ಣಿಗೆ ಒಂದೇ, ಡೇಟಾಬೇಸಿಗೆ ಬೇರೆ ಬೇರೆ. ಅದನ್ನು ಒಂದು ರೂಪಕ್ಕೆ ತರುವ ಸೌಲಭ್ಯ 2020ರ ಹದಿಮೂರನೇ ಆವೃತ್ತಿಯಿಂದಲೇ ಇದೆ. ನನಗೆ ಗೊತ್ತಿರಲಿಲ್ಲ. ರೆಡಿಸ್‌ನ ಹೊಸ ಲೈಸೆನ್ಸಿನ ಕರಾರು ಬಾಯಿಪಾಠ ಆಗಿತ್ತು, ಇದು ಗೊತ್ತಿರಲಿಲ್ಲ.

ಆಮೇಲೆ ಬಾಲ ಕತ್ತರಿಸುವ ಕೆಲಸ. ‘ಇಂದ’, ‘ಅಲ್ಲಿ’, ‘ಇನ’, ‘ಅನ್ನು’, ‘ಗೆ’, ‘ಗಳು’, ನಮ್ಮ ಕಡೆಯ ‘ಆಗ’ ಎಲ್ಲ ಸೇರಿಸಿ ಒಂದಿಪ್ಪತ್ತು ಪ್ರತ್ಯಯಗಳ ಪಟ್ಟಿ ಮಾಡಿ ಕತ್ತರಿ ಆಡಿಸಿದೆ. ಸಂಡೂರಿನವರೆಲ್ಲ ಸಾಲು ಸಾಲಾಗಿ ಬಂದು ನಿಂತರು. ಮಾವನಿಗೆ ಖುಷಿಯೋ ಖುಷಿ. ಖುಷಿ ಉಳಿದದ್ದು ನಾಲ್ಕು ದಿನ. ಮಲ್ಲಿ ಅನ್ನುವ ಗಿರಾಕಿಯ ಲೆಕ್ಕ ಕೇಳಿದರೆ ಹೂವಿನಹಡಗಲಿ ಕಡೆಯ ಮಲ್ಲಿಗೆ ಬೆಳೆಗಾರರೆಲ್ಲ ಬಂದುಬಿಟ್ಟರು. ನನ್ನ ಕತ್ತರಿ ‘ಮಲ್ಲಿಗೆ’ಯ ‘ಗೆ’ಯನ್ನು ಚತುರ್ಥಿ ವಿಭಕ್ತಿ ಅಂದುಕೊಂಡು ಕತ್ತರಿಸಿತ್ತು. ಇದೇ ಲೆಕ್ಕದಲ್ಲಿ ಹೋಳಿಗೆ ಹೋಳಿ ಹಬ್ಬ ಆಗುತ್ತೆ, ಅಡಿಗೆ ಅಡಿ ಆಗುತ್ತೆ. ಹೊಲಿಗೆಗೆ, ಬೇಸಿಗೆಗೆ, ಸಂಪಿಗೆಗೆ, ನಾಲಿಗೆಗೆ ಎಲ್ಲಕ್ಕೂ ಇದೇ ಗತಿ. ನಿಯಮ ಸರಿ ಮಾಡಿದರೆ ಸಾಲದು, ಯಾವ ಪದವನ್ನು ಮುಟ್ಟಬಾರದು ಅನ್ನುವ ಪಟ್ಟಿಯೂ ಬೇಕು. ಇದನ್ನು ಎಂಜಿನಿಯರಿಂಗ್ ಓದಿದವನೊಬ್ಬನೇ ಮಾಡೋಕಾಗಲ್ಲ. ವ್ಯಾಕರಣ ಬಲ್ಲ ಮೇಷ್ಟ್ರು ಬೇಕು, ಮಂಗಳೂರಿನವರು ಬೇಕು, ಚಾಮರಾಜನಗರದವರು ಬೇಕು. ಎಸ್ಟೋನಿಯಾದವರು ಮಾಡಿದ್ದೂ ಇಂಥ ಬೇಜಾರಿನ ಕೆಲಸವೇ ಇರಬೇಕು.

ಸದ್ಯಕ್ಕೆ ನನ್ನ ಜೊತೆಗಿರುವ ಒಬ್ಬನೇ ಸ್ವಯಂಸೇವಕ ಅಂದರೆ ಮಾವ. ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಫೋನ್ ಮಾಡಿ ‘ಗೆ’ಯಲ್ಲಿ ಮುಗಿಯುವ ಪದ ಹೇಳ್ತಾನೆ, ನಾನು ಬರೆದುಕೊಳ್ತೀನಿ. “ಸಂಡಿಗೆ ಬರಕೊಂಡೀ?” ಬರಕೊಂಡೆ. “ದೀವಳಿಗೆ?” ಅದೂ ಆಯ್ತು. ಮುನ್ನೂರರ ಹತ್ತಿರ ಬಂದಿದ್ದೀವಿ. ಮೊನ್ನೆ ‘ಕಟ್ಟಿಗೆ’ ಅಂದ. ಬರೆದುಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಳಿಯಾ, ನಾವು ಸಾಯಂಕಾಲ ಕೂರಾಕ ಹೊಕ್ಕೀವಲ್ಲ, ಆ ಕಟ್ಟಿಗೆ? ಅದನ್ನ ಕತ್ತರಿಸಬೇಕೋ ಬ್ಯಾಡೋ?” ಅಂತ ಕೇಳಿದ.

ಒಲೆಗೆ ಹಾಕುವ ಕಟ್ಟಿಗೆಯೂ ಅದೇ, ಊರ ಕಟ್ಟೆಗೆ ಹೋಗುವ ಕಟ್ಟಿಗೆಯೂ ಅದೇ. ಆ ಸಾಲಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೀನಿ.